ಕಪ್ಪುಪಟ್ಟಿ: ವಯೋಮಿಂಗ್ ತಂಡದ 1969ರ ಸೀಸನ್

ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 1969ರಲ್ಲಿ ಹತ್ತು ಪಂದ್ಯ ಆಡಿತು. ಆರು ಗೆದ್ದಿತು, ನಾಲ್ಕು ಸೋತಿತು. ದಾಖಲೆ ಪುಸ್ತಕ ಹೇಳುವುದು ಇಷ್ಟೆ. ಗೆದ್ದ ಆರೂ ಮೊದಲಿನವು, ಸೋತ ನಾಲ್ಕೂ ಕೊನೆಯವು. ಸುಮ್ಮನೆ ಕಣ್ಣಾಡಿಸುವವನಿಗೆ ತಂಡ ದಣಿದಿರಬೇಕು, ಯಾರೋ ಮುಖ್ಯ ಆಟಗಾರನಿಗೆ ಪೆಟ್ಟಾಗಿರಬೇಕು ಅನ್ನಿಸುತ್ತದೆ. ನಾಲ್ಕನೆಯ ಪಂದ್ಯಕ್ಕೂ ಐದನೆಯ ಪಂದ್ಯಕ್ಕೂ ನಡುವೆ, ಅಕ್ಟೋಬರ್ 17ರ ಶುಕ್ರವಾರ ಬೆಳಿಗ್ಗೆ, ತಂಡದಲ್ಲಿದ್ದ ಹದಿನಾಲ್ಕು ಮಂದಿ ಕಪ್ಪು ಆಟಗಾರರನ್ನೂ ಕೋಚ್ ಒಂದೇ ಏಟಿಗೆ ಹೊರಗೆ ಹಾಕಿದರು ಎಂಬುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ಅಮೆರಿಕದ ಚೆಂಡಾಟಕ್ಕೇನು ಕೆಲಸ ಅಂತ ಕೇಳುವವರಿದ್ದಾರೆ. ಕೇಳಲಿ. ಅಲ್ಲಿನ ಕಪ್ಪು ಜನರಿಗೂ ನಮಗೂ ನಂಟು ಹೊಸದೇನಲ್ಲ. 1946ರಲ್ಲಿ ಬಾಬಾಸಾಹೇಬರು ಡುಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ನೀಗ್ರೋಗಳು ಸಲ್ಲಿಸಿದ್ದ ಅರ್ಜಿಯ ಬಗ್ಗೆ ವಿಚಾರಿಸಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಪ್ಯಾಂಥರ್ಸ್ ಎಂಬ ಹೆಸರನ್ನೇ ಅಲ್ಲಿಂದ ತಂದು ಇಟ್ಟುಕೊಂಡರು. ಆದರೆ ನಮಗೆ ಬಂದದ್ದು ಮುಂದಾಳುಗಳ ಹೆಸರು, ಅವರ ಭಾಷಣ, ಅವರ ಕವಿತೆ. ಸ್ಕಾಲರ್‌ಶಿಪ್ಪಿನ ಮೇಲೆ ದೂರದೂರಿಗೆ ಓದಲು ಹೋದ ಹಾಸ್ಟೆಲ್ ಹುಡುಗರ ಕತೆ ಬರಲಿಲ್ಲ. ಅದು ನಮಗೆ ಇನ್ನೂ ಹತ್ತಿರದ್ದು. ಜೊತೆಗೆ, ಒಂದು ಘಟನೆಯನ್ನು ಯಾರು ಯಾವ ವಾಕ್ಯದಲ್ಲಿ ಬರೆದಿಡುತ್ತಾರೆ ಎಂಬುದು ವಿಮರ್ಶೆಯ ಪ್ರಶ್ನೆಯೇ ತಾನೆ?

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಾವು ಫುಟ್‌ಬಾಲ್ ಅನ್ನುವ ಆಟ ಅಲ್ಲ. ಅದಕ್ಕೆ ಅವರು ಸಾಕರ್ ಅಂತಾರೆ. ಇವರ ಚೆಂಡು ಎರಡೂ ತುದಿ ಚೂಪಾಗಿರುವ ಉದ್ದನೆಯದು, ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಕಡೆಗೆ ಹನ್ನೊಂದು ಜನ, ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಕವಚ. ನಾಲ್ಕು ಅವಕಾಶದೊಳಗೆ ಚೆಂಡನ್ನು ಹತ್ತು ಗಜ ಮುಂದಕ್ಕೆ ಒಯ್ಯಬೇಕು, ಒಯ್ದರೆ ಮತ್ತೆ ನಾಲ್ಕು ಅವಕಾಶ. ಎದುರಿನವರು ಮೇಲೆ ಬಿದ್ದು ಕೆಡವಬೇಕು. ನಮ್ಮ ಕಬಡ್ಡಿಯ ಹಿಡಿತವನ್ನು ನೆನೆಸಿಕೊಂಡರೆ ಸ್ವಲ್ಪ ಅಂದಾಜಾಗುತ್ತದೆ. ಆ ಕಾಲದ ಕಾಲೇಜು ಆಟಗಾರನಿಗೆ ಸಂಬಳವಿಲ್ಲ. ತಂಡದಲ್ಲಿರುವಷ್ಟು ದಿನ ಫೀಸು, ಊಟ, ರೂಮು ನಡೆಯುತ್ತದೆ. ಪಂದ್ಯ ನೋಡಲು ಸಾವಿರಗಟ್ಟಲೆ ಜನ ಸೇರುತ್ತಾರೆ, ಟಿಕೆಟ್ಟಿನ ಹಣ ಕಾಲೇಜಿಗೆ. ತಂಡದೊಳಗೆ ಕೋಚ್ ಹೇಳಿದ್ದೇ ವೇದವಾಕ್ಯ.

ವಯೋಮಿಂಗ್ ಅಂದರೆ ಬೆಟ್ಟ, ಬಯಲು, ದನ, ಗಾಳಿ. 1970ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 3 ಲಕ್ಷ 32 ಸಾವಿರ. ಅದರಲ್ಲಿ ಕಪ್ಪು ಜನ ಶೇಕಡ 1ಕ್ಕೂ ಕಡಿಮೆ. ರಾಜ್ಯದ ಬಿರುದು ಏನು ಗೊತ್ತೆ? 'ಸಮಾನತೆಯ ರಾಜ್ಯ'. ಹೆಂಗಸರಿಗೆ ಮತದಾನದ ಹಕ್ಕನ್ನು 1869ರಲ್ಲೇ ಕೊಟ್ಟ ನೆಲ ಅದು. 1870ರಲ್ಲಿ ಲೂಯಿಸಾ ಸ್ವೇನ್ ಎಂಬ ಮುದುಕಿ ಹೋಗಿ ಮತ ಹಾಕಿದ್ದು ಇದೇ ವಿಶ್ವವಿದ್ಯಾಲಯ ಇರುವ ಲಾರಮಿ ಊರಿನಲ್ಲಿ. ಹಾಗಾಗಿ 1969 ಎಂದರೆ ಸಮಾನತೆಯ ಶತಮಾನೋತ್ಸವದ ವರ್ಷ. ಸುಳ್ಳು ಬಿರುದೇನಲ್ಲ ಅದು. ಆದರೆ ಒಂದು ವಿಷಯದಲ್ಲಿ ನಿಜವಾದ ಬಿರುದು ಇನ್ನೊಂದು ವಿಷಯವನ್ನು ಮುಚ್ಚಿಡಲು ಎಷ್ಟು ಒದಗುತ್ತದೆ ಎಂಬುದು ಬಸವಣ್ಣನ ನಾಡಿನವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಾಯ್ಡ್ ಈಟನ್ 1962ರಿಂದ ಅಲ್ಲಿ ಮುಖ್ಯ ಕೋಚ್. ಬಿಗಿ ಶಿಸ್ತಿನ ಮನುಷ್ಯ. 1966, 67, 68 ಮೂರೂ ವರ್ಷ ಅವರ ತಂಡ ಆ ಭಾಗದ ಕೂಟದ ಚಾಂಪಿಯನ್. 1967ರಲ್ಲಿ ಹತ್ತಕ್ಕೆ ಹತ್ತೂ ಗೆದ್ದು, ಹೊಸ ವರ್ಷದ ದಿನ ಶುಗರ್ ಬೌಲ್ ಎಂಬ ದೊಡ್ಡ ಪಂದ್ಯಕ್ಕೆ ಹೋಗಿ 20-13ರಲ್ಲಿ ಸೋತಿತು. ಅಷ್ಟು ಚಿಕ್ಕ ರಾಜ್ಯಕ್ಕೆ ಅದೇ ದೊಡ್ಡ ಹೆಮ್ಮೆ. ಸ್ಥಳೀಯ ಹುಡುಗರಿಂದಲೇ ಇಂಥ ತಂಡ ಕಟ್ಟಲಾಗುವುದಿಲ್ಲವಲ್ಲ. ಟೆಕ್ಸಾಸ್, ಮಿಷಿಗನ್ ಅಂಥ ದೂರದ ರಾಜ್ಯಗಳಿಂದ ಕಪ್ಪು ಹುಡುಗರನ್ನು ಹುಡುಕಿ ಕರೆತಂದರು. ಅವರು ಬಂದದ್ದು ಯಾರ ಕೃಪೆಯಿಂದಲೂ ಅಲ್ಲ, ಆಟದಿಂದ. ಅವರಲ್ಲೊಬ್ಬರು, ಮೆಲ್ ಹ್ಯಾಮಿಲ್ಟನ್, ಮುಂದೆ ಹೇಳಿದ್ದಾರೆ: ತಾವು ಒಬ್ಬ ಬಿಳಿ ಹುಡುಗಿಯನ್ನು ಮದುವೆಯಾಗಲು ಹೊರಟಾಗ ಕೋಚ್ ಒಪ್ಪಲಿಲ್ಲ, ಅದಕ್ಕೇ ಒಮ್ಮೆ ಕಾಲೇಜು ಬಿಟ್ಟು ಸೈನ್ಯ ಸೇರಿ, ಆಮೇಲೆ ಮತ್ತೆ ತಂಡಕ್ಕೆ ಬಂದದ್ದು ಅಂತ.

1969ರ ಸೀಸನ್ ಚೆನ್ನಾಗಿಯೇ ಶುರುವಾಯಿತು. ಅರಿಜೋನಾ, ಏರ್‌ಫೋರ್ಸ್, ಕೊಲರಾಡೋ ಸ್ಟೇಟ್, ಎಲ್ ಪಾಸೋದ ಟೆಕ್ಸಾಸ್ — ನಾಲ್ಕಕ್ಕೆ ನಾಲ್ಕೂ ಗೆಲುವು. ದೇಶದ ಅಗ್ರ ತಂಡಗಳ ಪಟ್ಟಿಯಲ್ಲಿ ಹೆಸರು. ಐದನೆಯ ಪಂದ್ಯ ಅಕ್ಟೋಬರ್ 18ರಂದು, ಲಾರಮಿಯಲ್ಲೇ, ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮೇಲೆ.

ಈ ಬ್ರಿಗಮ್ ಯಂಗ್ ಯಾರು ಅನ್ನುವಲ್ಲಿ ಕತೆಯ ಗಂಟಿದೆ. ಮಾರ್ಮನ್ ಎಂದು ಜನ ಕರೆಯುವ ಕ್ರೈಸ್ತ ಪಂಥದ ಎರಡನೆಯ ನಾಯಕ ಆತ. ವಿಶ್ವವಿದ್ಯಾಲಯ ಆ ಚರ್ಚಿನದೇ. ಆ ಪಂಥದಲ್ಲಿ ಪೌರೋಹಿತ್ಯವೆಂಬುದು ಒಂದು ಕಸುಬಲ್ಲ. ಆ ಕಾಲದಲ್ಲಿ ಹನ್ನೆರಡು ತುಂಬಿದ ಯಾವ ಗಂಡುಹುಡುಗನೂ, ನಡತೆ ನೆಟ್ಟಗಿದ್ದರೆ, ಅದರ ಮೊದಲ ಮೆಟ್ಟಿಲು ಹತ್ತಬಹುದಿತ್ತು — ನಮ್ಮಲ್ಲಿ ಕೆಲವರ ಮನೆಯಲ್ಲಿ ಮುಂಜಿ ಮಾಡಿದ ಹಾಗೆ. (ಹೆಂಗಸರಿಗೆ ಅದು ಆಗಲೂ ಇಲ್ಲ, ಈಗಲೂ ಇಲ್ಲ, ಅದು ಬೇರೆಯೇ ಲೇಖನ.) 1852ರಿಂದ ಆಫ್ರಿಕಾ ಮೂಲದ ಗಂಡಸಿಗೆ ಮಾತ್ರ ಆ ಮೆಟ್ಟಿಲು ಇಲ್ಲ ಅಂತ ಬ್ರಿಗಮ್ ಯಂಗ್ ಸಾರಿದರು. ದೇಗುಲದ ಒಳಗಿನ ಮುಖ್ಯ ವಿಧಿಗಳೂ ಕಪ್ಪು ಗಂಡಸು ಹೆಂಗಸು ಇಬ್ಬರಿಗೂ ಮುಚ್ಚಿಕೊಂಡವು. ಪಂಥಕ್ಕೆ ಸೇರಬಹುದು, ಕಾಣಿಕೆ ಕೊಡಬಹುದು, ಪ್ರಾರ್ಥನೆಗೆ ಬರಬಹುದು, ಗರ್ಭಗುಡಿಗೆ ಮಾತ್ರ ಬರುವ ಹಾಗಿಲ್ಲ.

ಯಾಕೆ ಅಂತ ಕೇಳಿದರೆ ಎರಡು ಉತ್ತರ. ಒಂದು, ಬೈಬಲ್ಲಿನ ಕೇನನಿಗೆ ಬಿದ್ದ ಶಾಪ. ಇನ್ನೊಂದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೆ. ಮನುಷ್ಯ ಹುಟ್ಟುವ ಮೊದಲು ಅವನ ಆತ್ಮ ಇನ್ನೊಂದು ಲೋಕದಲ್ಲಿರುತ್ತದೆ. ಅಲ್ಲಿ ಅದು ನಡೆದುಕೊಂಡ ರೀತಿಗೆ ತಕ್ಕ ಹಾಗೆ ಇಲ್ಲಿ ಹುಟ್ಟು ಸಿಗುತ್ತದೆ. 1949ರಲ್ಲಿ ಚರ್ಚಿನ ಅಧ್ಯಕ್ಷ ಮಂಡಳಿ ಹೊರಡಿಸಿದ ಹೇಳಿಕೆಯಲ್ಲೇ ಈ ವಾದವಿದೆ. ಸಂಸ್ಕೃತದ ಒಂದಕ್ಷರ ಗೊತ್ತಿಲ್ಲದ, ಮನುವಿನ ಹೆಸರು ಕೇಳದ, ಅಮೆರಿಕದ ಮರುಭೂಮಿಯಲ್ಲಿ ಊರು ಕಟ್ಟಿಕೊಂಡ ಜನ ತಾವಾಗಿಯೇ ಪೂರ್ವಜನ್ಮದ ಕರ್ಮಕ್ಕೆ ಬಂದು ಮುಟ್ಟಿದ್ದರು! ಹುಟ್ಟಿನ ಮೇಲೆ ಮೇಲು ಕೀಳು ಮಾಡಹೊರಟವನಿಗೆ ಹುಟ್ಟುವ ಮುಂಚಿನ ತಪ್ಪೊಂದು ಬೇಕೇ ಬೇಕಾಗುತ್ತದೆ. ಹುಟ್ಟಿದ ಮೇಲಿನ ತಪ್ಪು ತೋರಿಸಲು ಸಾಕ್ಷಿ ಬೇಕಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಬದುಕಿದ್ದಾಗ, 1836ರಲ್ಲಿ, ಎಲೈಜಾ ಏಬಲ್ ಎಂಬ ಕಪ್ಪು ಮನುಷ್ಯನಿಗೆ ಪೌರೋಹಿತ್ಯ ಸಿಕ್ಕಿತ್ತು. ಅಂದರೆ ಅನಾದಿಯಿಂದ ಬಂದದ್ದು ಎಂದು ಕೂತ ನಿಷೇಧಕ್ಕೆ ಒಂದು ಹುಟ್ಟಿದ ತಾರೀಖಿದೆ. ಸನಾತನ ಎನ್ನುವುದರ ಹುಟ್ಟಿದ ತಾರೀಖು ಹುಡುಕುವುದು ನಮ್ಮ ವಿಮರ್ಶೆಯ ಹಳೆಯ ಕೆಲಸ. ಅಲ್ಲಿನವರೂ ಆ ಕೆಲಸ ಮಾಡಿದ್ದಾರೆ.

ಬ್ರಿಗಮ್ ಯಂಗ್ ತಂಡದ ಮೇಲೆ ಆಡಲು ಒಲ್ಲೆ ಅಂದವರಲ್ಲಿ ವಯೋಮಿಂಗ್ ಹುಡುಗರು ಮೊದಲಿಗರಲ್ಲ. 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಕೆಲವೇ ದಿನಗಳಲ್ಲಿ, ಎಲ್ ಪಾಸೋದ ಕಪ್ಪು ಓಟಗಾರರು ಅಲ್ಲಿಗೆ ಹೋಗುವುದಿಲ್ಲ ಅಂದು ತಂಡದಿಂದ ಹೊರಬಿದ್ದರು. ಅವರಲ್ಲಿ ಒಬ್ಬ ಬಾಬ್ ಬೀಮನ್. ಅದೇ ಅಕ್ಟೋಬರಿನಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ 8.90 ಮೀಟರ್ ಉದ್ದ ಜಿಗಿದು ಜಗತ್ತನ್ನೇ ದಂಗುಬಡಿಸಿದವನು. ಅದೇ ಮೆಕ್ಸಿಕೋದಲ್ಲಿ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಪದಕದ ಕಟ್ಟೆಯ ಮೇಲೆ ಕಪ್ಪು ಗವಸಿನ ಮುಷ್ಟಿ ಎತ್ತಿದರು. ಆ ಇಬ್ಬರೂ ಓದಿದ ಸ್ಯಾನ್ ಹೋಸೆ ಕಾಲೇಜಿನ ಕಪ್ಪು ಫುಟ್‌ಬಾಲ್ ಆಟಗಾರರು ಅದೇ ವರ್ಷ ಬ್ರಿಗಮ್ ಯಂಗ್ ಪಂದ್ಯಕ್ಕೆ ಇಳಿಯಲಿಲ್ಲ. ವಯೋಮಿಂಗ್ ಹುಡುಗರಿಗೆ ಇದೆಲ್ಲ ಗೊತ್ತಿತ್ತು. ಹಿಂದಿನ ವರ್ಷದ ಪಂದ್ಯದಲ್ಲಿ ಎದುರಾಳಿಗಳಿಂದ ಬಣ್ಣದ ಬೈಗುಳ ಕೇಳಿದ್ದು ಇನ್ನೂ ಕಿವಿಯಲ್ಲಿತ್ತು ಅಂತ ಅವರಲ್ಲಿ ಕೆಲವರು ಹೇಳಿದ್ದಾರೆ.

ಲಾರಮಿಯಲ್ಲಿ ಕಪ್ಪು ವಿದ್ಯಾರ್ಥಿಗಳದ್ದೊಂದು ಸಣ್ಣ ಒಕ್ಕೂಟವಿತ್ತು. ಅದರ ಮುಂದಾಳು ವಿಲ್ಲಿ ಬ್ಲ್ಯಾಕ್, ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದವರು. ಮಾರ್ಮನ್ ಚರ್ಚಿನ ಈ ನಿಷೇಧವನ್ನು ಪ್ರತಿಭಟಿಸಬೇಕು, ಆಟಗಾರರೂ ಜೊತೆಗೂಡಬೇಕು ಎಂದು ಒಕ್ಕೂಟ ಪಂದ್ಯದ ವಾರ ಪತ್ರ ಹೊರಡಿಸಿತು. ಈಟನ್ ಅವರದು ಮೊದಲಿಂದ ಒಂದು ನಿಯಮ: ಆಟಗಾರರು ಯಾವ ಪ್ರದರ್ಶನದಲ್ಲೂ ಭಾಗವಹಿಸಕೂಡದು. ಆ ಬುಧವಾರ, ಅಕ್ಟೋಬರ್ 15ರಂದು, ವಿಯೆಟ್ನಾಂ ಯುದ್ಧದ ವಿರುದ್ಧ ದೇಶವೆಲ್ಲ ಬೀದಿಗಿಳಿದಿತ್ತು. ಕೋಚ್ ತಂಡದ ನಾಯಕರಲ್ಲೊಬ್ಬರಾದ ಜೋ ವಿಲಿಯಮ್ಸ್‌ಗೆ ನಿಯಮವನ್ನು ನೆನಪಿಸಿದ್ದರು.

ಶುಕ್ರವಾರ ಬೆಳಿಗ್ಗೆ ಹದಿನಾಲ್ಕು ಹುಡುಗರು ಸಾಧಾರಣ ಬಟ್ಟೆ ತೊಟ್ಟು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೋಚ್ ಆಫೀಸಿಗೆ ಹೋದರು. ಹೆಸರು ಬರೆಯಬೇಕು, ಇಲ್ಲದಿದ್ದರೆ 'ಹದಿನಾಲ್ಕು' ಅನ್ನುವ ಅಂಕಿಯಾಗಿಯೇ ಉಳಿದುಬಿಡುತ್ತಾರೆ: ಜೆರಿ ಬೆರಿ, ಟೋನಿ ಗಿಬ್ಸನ್, ಜಾನ್ ಗ್ರಿಫಿನ್, ಲಯೊನೆಲ್ ಗ್ರೈಮ್ಸ್, ಮೆಲ್ ಹ್ಯಾಮಿಲ್ಟನ್, ರಾನ್ ಹಿಲ್, ವಿಲ್ಲಿ ಹೈಸಾ, ಜಿಮ್ ಐಸಾಕ್, ಅರ್ಲ್ ಲೀ, ಟೋನಿ ಮೆಗೀ, ಡಾನ್ ಮೆಡೋಸ್, ಐವಿ ಮೂರ್, ಜೋ ವಿಲಿಯಮ್ಸ್, ಟೆಡ್ ವಿಲಿಯಮ್ಸ್.

ಅವರ ಮಾತಿನ ಪ್ರಕಾರ ಅವರು ಹೋದದ್ದು ಕೇಳುವುದಕ್ಕೆ. ಆಡುವುದಿಲ್ಲ ಅನ್ನಲು ಹೋಗಿರಲಿಲ್ಲ. ಆಡುತ್ತೇವೆ, ಆದರೆ ಈ ಪಂದ್ಯದಲ್ಲಿ ನಮ್ಮ ಅಸಮ್ಮತಿಯನ್ನು ಹೇಗಾದರೂ ತೋರಿಸಬಹುದೇ, ಈ ಪಟ್ಟಿ ಕಟ್ಟಿಕೊಳ್ಳಬಹುದೇ, ಬೇರೆ ಏನಾದರೂ ದಾರಿ ಉಂಟೇ — ಇಷ್ಟು. ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರನ್ನೇ ಅದುಮುತ್ತಾರೆ ಅಂತ ಒಟ್ಟಿಗೆ ಹೋದರು. ಈಟನ್ ಅವರನ್ನು ಒಳಾಂಗಣ ಮೈದಾನದ ಮೆಟ್ಟಿಲುಗಳ ಮೇಲೆ ಕೂರಿಸಿದರು. ಬಾಯಿ ತೆರೆಯುವ ಮುಂಚೆಯೇ, ನೀವ್ಯಾರೂ ಇನ್ನು ತಂಡದಲ್ಲಿಲ್ಲ ಅಂದರು. ಬೇಕಾದರೆ ಗ್ರಾಂಬ್ಲಿಂಗಿಗೋ ಮಾರ್ಗನ್ ಸ್ಟೇಟಿಗೋ ಹೋಗಿ ಅಂದರು ಎಂದು ಹುಡುಗರು ಹೇಳಿದ್ದಾರೆ. ಅವೆರಡೂ ಕಪ್ಪು ಜನರ ಕಾಲೇಜುಗಳು. ನಿಮ್ಮ ಕೇರಿಗೆ ಹೋಗ್ರೋ ಅಂದ ಹಾಗೆ. ಸರ್ಕಾರದ ದಾನದ ಅನ್ನಕ್ಕೆ ವಾಪಸ್ ಹೋಗಿ ಎಂಬ ಅರ್ಥದ ಮಾತೂ ಬಂತಂತೆ. ಕೋಚ್ ಮಾತು ಮುಗಿಸಿ ಹೊರಟಾಗ ಹುಡುಗರು ಕೇಳಬೇಕೆಂದಿದ್ದದ್ದು ಕೇಳದೆಯೇ ಉಳಿಯಿತು.

ಅವತ್ತು ರಾತ್ರಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಸೇರಿತು. ಗವರ್ನರ್ ಸ್ಟ್ಯಾನ್ಲಿ ಹ್ಯಾಥವೇ ಬಂದರು. ಹುಡುಗರನ್ನು ಕರೆಸಿ ಮಾತಾಡಿದರು, ಮಧ್ಯರಾತ್ರಿ ಕಳೆದರೂ ಸಭೆ ನಡೆದಿತ್ತು. ಕೊನೆಗೆ ಕೋಚ್ ನಿರ್ಧಾರವೇ ಸರಿ ಎಂದಾಯಿತು. ಪಟ್ಟಿ ಇಲ್ಲದೆ ಆಡುವುದೇ ಇಲ್ಲ ಅಂತ ಹುಡುಗರು ಹಠ ಹಿಡಿದರು ಎಂಬುದು ಅಧಿಕಾರಿಗಳು ಮುಂದೆ ಕೋರ್ಟಿನಲ್ಲಿ ಹೇಳಿದ ಮಾತು. ನಮ್ಮನ್ನು ಮೈದಾನದಿಂದ ತಳ್ಳಿದ ಮನುಷ್ಯನ ಕೈಕೆಳಗೆ ಮತ್ತೆ ಆಡುವುದಿಲ್ಲ ಅಂದೆವು ಎಂಬುದು ಹುಡುಗರ ಮಾತು. ಬೆಳಗಿನ ಪ್ರಶ್ನೆಗೆ ಬೆಳಿಗ್ಗೆಯೇ ಕಿವಿಗೊಟ್ಟಿದ್ದರೆ ರಾತ್ರಿಯ ಹಠಕ್ಕೆ ಜಾಗವೇ ಇರುತ್ತಿರಲಿಲ್ಲ ಎಂಬುದಷ್ಟು ನನಗೆ ಕಾಣುತ್ತದೆ.

ಇಲ್ಲೇ ವ್ಯಾಕರಣದ ಮಾತು ಬರುತ್ತದೆ. 'ಹದಿನಾಲ್ಕು ಮಂದಿ ತಂಡ ಬಿಟ್ಟರು' ಎಂಬ ವಾಕ್ಯ ಒಂದಿದೆ. 'ಹದಿನಾಲ್ಕು ಮಂದಿ ತಂಡದಿಂದ ತೆಗೆದುಹಾಕಲ್ಪಟ್ಟರು' ಎಂಬ ವಾಕ್ಯ ಇನ್ನೊಂದು. 'ಈಟನ್ ಹದಿನಾಲ್ಕು ಮಂದಿಯನ್ನು ಹೊರಹಾಕಿದರು' ಎಂಬುದು ಮೂರನೆಯದು. ಮೊದಲನೆಯದರಲ್ಲಿ ಕರ್ತೃ ಸುಳ್ಳು, ಎರಡನೆಯದರಲ್ಲಿ ಕರ್ತೃವೇ ಇಲ್ಲ. ನಮ್ಮೂರ ಕಡತಗಳಲ್ಲೂ ಹೀಗೇ: 'ಸದರಿ ಕುಟುಂಬಗಳು ಗ್ರಾಮ ತೊರೆದಿರುತ್ತವೆ'. ತೊರೆಸಿದವರು ಯಾರು ಅಂತ ಕರ್ಮಣಿ ಪ್ರಯೋಗವನ್ನು ಕೇಳಿ ಪ್ರಯೋಜನವಿಲ್ಲ. ಕನ್ನಡದಲ್ಲಿ 'ಕಪ್ಪುಪಟ್ಟಿ' ಅಂದರೆ ತೋಳಿಗೆ ಕಟ್ಟುವ ಬಟ್ಟೆಯೂ ಹೌದು, ಬೇಡವಾದವರ ಹೆಸರು ಬರೆದಿಡುವ ಪಟ್ಟಿಯೂ ಹೌದು. ಹುಡುಗರು ಮೊದಲನೆಯದನ್ನು ಕಟ್ಟಿಕೊಂಡು ಒಳಗೆ ಹೋದರು, ಎರಡನೆಯದರಲ್ಲಿ ಸೇರಿ ಹೊರಗೆ ಬಂದರು.

ಮಾರನೆಯ ದಿನ ಪಂದ್ಯ. ಪೂರ್ತಿ ಬಿಳಿಯರ ತಂಡ ಇಳಿಯಿತು. 40-7ರಲ್ಲಿ ಗೆದ್ದಿತು. ಪ್ರೇಕ್ಷಕರು ಕೋಚ್ ಹೆಸರು ಹಿಡಿದು ಕೂಗಿದರು. ಮುಂದಿನ ದಿನಗಳಲ್ಲಿ ಈಟನ್‌ಗೆ ನಮ್ಮ ಬೆಂಬಲ ಎಂಬ ಚೀಟಿಗಳು ಕಾರುಗಳ ಹಿಂದೆ ಅಂಟಿದವು.

ಈ 40-7ನ್ನು ನಾವು ದಾಟಿಹೋಗಬಾರದು. ಈ ಕತೆಯನ್ನು ನಮ್ಮ ಕಡೆಯಿಂದ ಹೇಳುವವರು ಸಾಮಾನ್ಯವಾಗಿ ಇದನ್ನು ಬೇಗ ದಾಟಿ ಕೊನೆಯ ನಾಲ್ಕು ಸೋಲಿಗೆ ಓಡುತ್ತಾರೆ. ಅರಿಜೋನಾ ಸ್ಟೇಟ್ 30-14, ಯೂಟಾ 34-10, ನ್ಯೂ ಮೆಕ್ಸಿಕೋ 24-12, ಹ್ಯೂಸ್ಟನ್ 41-14. ಮುಂದಿನ ವರ್ಷ, 1970ರಲ್ಲಿ, ಹತ್ತರಲ್ಲಿ ಒಂದೇ ಗೆಲುವು. ನೋಡಿ, ಕಪ್ಪು ಹುಡುಗರನ್ನು ಕಳಕೊಂಡು ಹಾಳಾದರು, ಮಾಡಿದ್ದುಣ್ಣೋ ಮಹಾರಾಯ! ಓದಲು ಹಿತವಾಗಿದೆ. ನನಗೂ ಮೊದಲು ಹಿತವೆನಿಸಿತ್ತು. ಆದರೆ ಹೀಗೆ ಓದಿದರೆ ನ್ಯಾಯ ಅಂಕಪಟ್ಟಿಯ ಮೇಲೆ ನಿಂತ ಹಾಗಾಗುತ್ತದೆ. ಆ ಬಿಳಿಯ ತಂಡ ಉಳಿದ ಪಂದ್ಯಗಳನ್ನೆಲ್ಲ 40-7ರಲ್ಲೇ ಗೆದ್ದಿದ್ದರೆ ಹುಡುಗರನ್ನು ಹೊರಹಾಕಿದ್ದು ಸರಿಯಾಗುತ್ತಿತ್ತೇ? ನಾವು ಉಪಯೋಗಕ್ಕೆ ಬರುತ್ತೇವೆ, ಆದ್ದರಿಂದ ನಮ್ಮನ್ನು ಮನುಷ್ಯರೆನ್ನಿ ಎಂಬ ವಾದ ಇದು. ಗೆಲ್ಲಿಸುವವನಿಗೆ ಮಾತ್ರ ಮರ್ಯಾದೆ ಅನ್ನುವುದು ಕೋಚ್ ಅವರದೇ ಸಿದ್ಧಾಂತ. ಅದನ್ನೇ ನಾವು ತಿರುಗಿಸಿ ಹಿಡಿದ ಹಾಗಾಯಿತು.

ಪ್ರತಿಭೆ, ಪ್ರತಿಭೆ ಅಂತ ನಮ್ಮಲ್ಲಿ ಮೀಸಲಾತಿಯ ಮಾತು ಬಂದಾಗೆಲ್ಲ ಕೇಳುತ್ತೇವೆ. ಈ ಹದಿನಾಲ್ಕು ಜನ ಯಾವ ಮೀಸಲಾತಿಯಲ್ಲೂ ಬಂದವರಲ್ಲ. ಟೋನಿ ಮೆಗೀ ಮುಂದೆ ಹತ್ತಾರು ವರ್ಷ ವೃತ್ತಿಪರ ತಂಡಗಳಲ್ಲಿ ಆಡಿದರು; ಜೋ ವಿಲಿಯಮ್ಸ್ ಡಲ್ಲಾಸ್ ತಂಡದಲ್ಲಿದ್ದರು. ಅಷ್ಟು ಪ್ರತಿಭೆಯೂ ಒಂದು ಬೆಳಿಗ್ಗೆ ಒಂದು ಪ್ರಶ್ನೆ ಕೇಳುವಷ್ಟು ಹೊತ್ತು ಅವರನ್ನು ಕಾಯಲಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಕಬಡ್ಡಿ ರೈಡರ್ ಇದ್ದ. ಫೈನಲ್ ಗೆದ್ದ ದಿನ ಇಡೀ ತಂಡ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. ಸಂಜೆ ತಂಡದ ಒಬ್ಬರ ಮನೆಯಲ್ಲಿ ಊಟ. ಇವನಿಗೆ ಮಾತ್ರ ಹೊರಗಿನ ಜಗಲಿಯಲ್ಲಿ ಎಲೆ. ರಾತ್ರಿ ಬಂದು ಹೇಳಿದ, "ಅಣ್ಣಾ, ಮೈದಾನದಾಗೆ ನನ್ನ ಬೆವರು ಮೈಗೆಲ್ಲ ಮೆತ್ಕಂಡವ್ರೆ, ಅದು ಮೈಲಿಗೆ ಅಲ್ವಂತೆ." ಅವನು ಜಗಳ ಮಾಡಲಿಲ್ಲ. ಮುಂದಿನ ವರ್ಷ ಆಡಲೂ ಇಲ್ಲ. ಯಾಕೆ ಆಡುವುದಿಲ್ಲ ಅಂತ ತಂಡದವರು ಯಾರೂ ಕೇಳಲಿಲ್ಲ.

ಕೇಳಿದವರೂ ನಮ್ಮಲ್ಲಿದ್ದಾರೆ, ವಯೋಮಿಂಗಿಗಿಂತ ಐವತ್ತು ವರ್ಷ ಮೊದಲೇ. ಪಲ್ವಣ್ಕರ್ ಬಾಳು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರ ಕುಟುಂಬ. ಎಡಗೈ ಸ್ಪಿನ್ನರ್, 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಆಡುತ್ತಿದ್ದಾಗ ಅವರಿಗೆ ಟೀ ಬರುತ್ತಿದ್ದದ್ದು ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಯಾವತ್ತೂ ಸಿಗಲಿಲ್ಲ. 1920ರ ಪಂದ್ಯಾವಳಿಯಲ್ಲಿ ಬಾಳು ಅವರನ್ನು ಕೈಬಿಟ್ಟು, ತಮ್ಮ ವಿಠಲನನ್ನು ನಾಯಕತ್ವಕ್ಕೆ ಕಡೆಗಣಿಸಿದಾಗ ವಿಠಲ, ಶಿವರಾಮ ಇಬ್ಬರೂ ತಂಡದಿಂದ ಹಿಂದೆ ಸರಿದು ಬಹಿರಂಗ ಹೇಳಿಕೆ ಕೊಟ್ಟರು. ಗದ್ದಲವಾಯಿತು. ಫೈನಲ್ ಹೊತ್ತಿಗೆ ಬಾಳು ತಂಡದಲ್ಲಿ ಉಪನಾಯಕ. 1923ರಲ್ಲಿ ವಿಠಲ ನಾಯಕ. (1937ರ ಚುನಾವಣೆಯಲ್ಲಿ ಇದೇ ಬಾಳು ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತರು. ಇತಿಹಾಸ ನಮ್ಮ ಅನುಕೂಲ ನೋಡಿ ನಡೆಯುವುದಿಲ್ಲ.) ಬ್ರಿಟಿಷರ ಕಾಲದ ಹಿಂದೂ ಜಿಮಖಾನಾ ಬಗ್ಗಿದಷ್ಟೂ ಸಮಾನತೆಯ ರಾಜ್ಯದ ವಿಶ್ವವಿದ್ಯಾಲಯ ಬಗ್ಗಲಿಲ್ಲ ಎಂಬುದು ಸೋಜಿಗವೇ.

ಹಾಗಂತ ಲಾರಮಿಯಲ್ಲಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿರಲಿಲ್ಲ. ವಿದ್ಯಾರ್ಥಿ ಸೆನೆಟ್ಟೂ ಅಧ್ಯಾಪಕರ ಸೆನೆಟ್ಟೂ ಭಾರೀ ಬಹುಮತದಿಂದ ಹುಡುಗರ ಪರವಾಗಿ ನಿಂತವು. ಕೆಲವು ಅಧ್ಯಾಪಕರು ರಾಜೀನಾಮೆ ಕೊಡುತ್ತೇವೆ ಅಂದರು, ವಿದ್ಯಾರ್ಥಿ ಪತ್ರಿಕೆಯ ಸಂಪಾದಕ ಕೊಟ್ಟೇಬಿಟ್ಟ. ಮುಂದಿನ ಶನಿವಾರ ಆಡಲು ಬಂದ ಸ್ಯಾನ್ ಹೋಸೆ ತಂಡ, ಬಿಳಿಯರು ಕರಿಯರು ಎಲ್ಲ ಸೇರಿ, ತೋಳಿಗೆ ಬಣ್ಣಬಣ್ಣದ ಪಟ್ಟಿ ಕಟ್ಟಿಕೊಂಡೇ ಆಡಿತು. ನವೆಂಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಬ್ರಿಗಮ್ ಯಂಗ್ ಜೊತೆ ಇನ್ನು ಪಂದ್ಯ ಗೊತ್ತುಮಾಡುವುದಿಲ್ಲ ಎಂದಿತು. ಇದರ ನಡುವೆ ಒಂದು ತಮಾಷೆ ನಡೆಯಿತು. ವಾರದೊಳಗೇ ಕೋಚ್, ಕುಲಪತಿ ಸೇರಿ ಆ ನಿಯಮವನ್ನು ಸಡಿಲಿಸಿದರು: ತಂಡದ ಕೆಲಸವಿಲ್ಲದ ಹೊತ್ತಿನಲ್ಲಿ ಆಟಗಾರರು ಏನಾದರೂ ಮಾಡಿಕೊಳ್ಳಲಿ. ಆದರೆ ಇದು ಆ ಹದಿನಾಲ್ಕು ಮಂದಿಗೆ ಅನ್ವಯಿಸುವುದಿಲ್ಲ! ನಿಯಮ ಸರಿಯಿಲ್ಲ ಅಂತ ಒಪ್ಪಿಕೊಂಡರು, ಆ ನಿಯಮದಲ್ಲಿ ಕೊಟ್ಟ ಶಿಕ್ಷೆ ಮಾತ್ರ ಸರಿಯಾಗಿಯೇ ಉಳಿಯಿತು.

ಹುಡುಗರು ಕೋರ್ಟಿಗೆ ಹೋದರು. ಧೈರ್ಯಕ್ಕೆ ಕಾರಣವೂ ಇತ್ತು. ಅದೇ 1969ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟಿಂಕರ್ ಮೊಕದ್ದಮೆಯಲ್ಲಿ, ಯುದ್ಧ ವಿರೋಧಿಸಿ ಶಾಲೆಗೆ ಕಪ್ಪು ತ��ಳಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳ ಪರ, 7-2ರ ಬಹುಮತದಲ್ಲಿ ತೀರ್ಪು ಕೊಟ್ಟಿತ್ತು. ಪಟ್ಟಿ ಕಟ್ಟುವುದೂ ಒಂದು ಮಾತೇ, ಶಾಲೆಯ ಬಾಗಿಲಲ್ಲಿ ಮಾತಿನ ಹಕ್ಕು ಕಳಚಿಬೀಳುವುದಿಲ್ಲ ಎಂದಿತ್ತು. ಇನ್ನೇನು ಬೇಕು?

ಷಯೆನ್ ಊರಿನ ಫೆಡರಲ್ ಕೋರ್ಟಿನ ನ್ಯಾಯಾಧೀಶ ಯೂಯಿಂಗ್ ಕೆರ್ ಬೇರೆ ದಾರಿ ಹಿಡಿದರು. 1970ರಲ್ಲಿ ವಜಾ ಮಾಡಿದರು. ಮೇಲಿನ ಕೋರ್ಟು ಒಂದು ಭಾಗವನ್ನು ವಾಪಸ್ ಕಳಿಸಿತು. ಮತ್ತೆ ವಿಚಾರಣೆ ನಡೆಸಿ ಮತ್ತೆ ಅದೇ ತೀರ್ಪು ಕೊಟ್ಟರು. 1972ರಲ್ಲಿ ಮೇಲಿನ ಕೋರ್ಟು ಎತ್ತಿಹಿಡಿಯಿತು. ತರ್ಕ ಹೀಗೆ: ವಯೋಮಿಂಗ್ ಸರ್ಕಾರಿ ವಿಶ್ವವಿದ್ಯಾಲಯ. ಸರ್ಕಾರ ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕು. ಸರ್ಕಾರದ ಮೈದಾನದಲ್ಲಿ, ಸರ್ಕಾರದ ತಂಡದ ಅಂಗಿ ತೊಟ್ಟವರು ಒಂದು ಧರ್ಮದ ನಂಬಿಕೆಯ ವಿರುದ್ಧ ಪಟ್ಟಿ ಕಟ್ಟಿದರೆ ಸರ್ಕಾರವೇ ಆ ಧರ್ಮಕ್ಕೆ ಹಗೆ ತೋರಿಸಿದಂತೆ. ಆದ್ದರಿಂದ ಅವಕಾಶ ಕೊಡದೇ ಇದ್ದದ್ದು ಸಂವಿಧಾನಬದ್ಧ.

ಈ ತರ್ಕವನ್ನು ನಿಧಾನವಾಗಿ ಓದಬೇಕು. ರಾಜ್ಯವನ್ನೂ ಧರ್ಮವನ್ನೂ ಬೇರೆ ಮಾಡಿದ್ದು ಬಲವಿಲ್ಲದವನನ್ನು ಧರ್ಮದ ಬಲದಿಂದ ಕಾಪಾಡಲಿ ಅಂತ. ಇಲ್ಲಿ ಅದೇ ಗೋಡೆಯನ್ನು ಧರ್ಮಪೀಠದ ಸುತ್ತ ಕಟ್ಟಿದರು. ಗುಡಿಯ ಹೊರಗೆ ನಿಲ್ಲಿಸಿದವರ ಜೊತೆ ಸರ್ಕಾರದ ತಂಡ ಆಡಬಹುದು, ಟಿಕೆಟ್ ಮಾರಬಹುದು, ಅದು ತಟಸ್ಥ. ಹೊರಗೆ ನಿಂತವನು ಯಾಕೆ ನಿಲ್ಲಿಸಿದಿರಿ ಅಂದರೆ ಅದು ಪಕ್ಷಪಾತ. ಅಂಗಿ ಸರ್ಕಾರದ್ದು, ಒಪ್ಪೋಣ. ಅದರೊಳಗಿನ ತೋಳು ಯಾರದು? ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ಮಾತನ್ನು ನಮ್ಮಲ್ಲಿ ಯಾರು ಯಾರ ಮೇಲೆ ಪ್ರಯೋಗಿಸುತ್ತಾರೆ ಎಂದು ಬಲ್ಲವರಿಗೆ ಕೆರ್ ಅವರ ತೀರ್ಪು ಪರದೇಶದ್ದು ಅನ್ನಿಸುವುದಿಲ್ಲ. ಕಪ್ಪು ಮನುಷ್ಯನ ಭಾವನೆಗೆ ಬಿದ್ದ ಧಕ್ಕೆ ಆ ಮೊಕದ್ದಮೆಯಲ್ಲಿ ವಿಚಾರಣೆಗೆ ಬಂದ ವಿಷಯವೇ ಆಗಲಿಲ್ಲ.

ಮಿಕ್ಕದ್ದು ಬೇಗ ಹೇಳಬಹುದು. 1970ರ ಆ ಒಂಬತ್ತು ಸೋಲಿನ ನಂತರ ಈಟನ್ ಕೋಚ್ ಆಗಿ ಉಳಿಯಲಿಲ್ಲ. ಊರಿನ ಬಹಳ ಜನರ ನೆನಪಿನಲ್ಲಿ ತಂಡವನ್ನು ಹಾಳುಮಾಡಿದವರು ಆ ಹದಿನಾಲ್ಕು ಜನವೇ ಆಗಿ ಉಳಿದರು. ಹುಡುಗರು ಚದುರಿದರು. ಹ್ಯಾಮಿಲ್ಟನ್ ಮಾತ್ರ ಅದೇ ರಾಜ್ಯದಲ್ಲಿದ್ದು ಶಾಲಾ ಶಿಕ್ಷಕರಾಗಿ ದುಡಿದರು. 1978ರ ಜೂನ್‌ನಲ್ಲಿ ಮಾರ್ಮನ್ ಚರ್ಚಿನ ಅಂದಿನ ಅಧ್ಯಕ್ಷ ಸ್ಪೆನ್ಸರ್ ಕಿಂಬಾಲ್, ದೇವರ ಅಪ್ಪಣೆಯಾಗಿದೆ ಎಂದು ನಿಷೇಧವನ್ನು ತೆಗೆದರು. 2013ರಲ್ಲಿ ಚರ್ಚು ಶಾಪದ ವಾದವನ್ನೂ ಹುಟ್ಟುವ ಮುಂಚಿನ ತಪ್ಪಿನ ವಾದವನ್ನೂ ಬರವಣಿಗೆಯಲ್ಲೇ ತಳ್ಳಿಹಾಕಿತು. ಹುಡುಗರು 1969ರಲ್ಲಿ ಕೇಳಹೊರಟದ್ದು ತಪ್ಪಲ್ಲ ಅಂತ ಅವರು ಯಾರ ವಿರುದ್ಧ ಪಟ್ಟಿ ಕಟ್ಟಿದ್ದರೋ ಅವರೇ ಒಪ್ಪಿದ ಹಾಗಾಯಿತು. ಅವರ ಸ್ವಂತ ವಿಶ್ವವಿದ್ಯಾಲಯಕ್ಕೆ ಅಷ್ಟು ಹೇಳಲು ಇನ್ನೂ ಆರು ವರ್ಷ ಬೇಕಾಯಿತು. 2019ರ ಸೆಪ್ಟೆಂಬರಿನಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯ ಅವರನ್ನು ಕರೆಸಿ ಅಧಿಕೃತವಾಗಿ ಕ್ಷಮೆ ಕೇಳಿತು, ಅಂದು ಸಿಗದೇ ಹೋದ ತಂಡದ ಜಾಕೆಟ್ಟುಗಳನ್ನು ತೊಡಿಸಿತು. ಎಪ್ಪತ್ತು ಮುಟ್ಟಿದ ಗಂಡಸರಿಗೆ ಹುಡುಗರ ಜಾಕೆಟ್ಟು. ಎಲ್ಲರೂ ಇರಲಿಲ್ಲ, ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

2020ರಲ್ಲಿ ಉಳಿದವರು ಅದೇ ಮಾರ್ಮನ್ ಚರ್ಚಿನ ಜೊತೆ ಸೇರಿ ಬಡವರಿಗೆ ಆಹಾರ ಹಂಚುವ ಕೆಲಸ ಶುರುಮಾಡಿದರು. ಕೊರೋನಾ ಕಾಲ, ಚರ್ಚಿನ ಉಗ್ರಾಣದಿಂದ ಲಾರಿಗಳಲ್ಲಿ ಬಂದ ದವಸಧಾನ್ಯವನ್ನು ತಮ್ಮ ತಮ್ಮ ಊರುಗಳಲ್ಲಿ ಇಳಿಸಿಕೊಂಡರು. ಇದನ್ನು ಓದಿದಾಗ ನನ್ನ ಗೆಳೆಯರೊಬ್ಬರು, ಕೊನೆಗೂ ರಾಜಿಯಾದರಲ್ಲ ಅಂದರು. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಅವರು ಐವತ್ತು ವರ್ಷ ಏನು ಹೊತ್ತರು ಅಂತ ನಾವು ಹೊತ್ತು ನೋಡಿಲ್ಲ. ಲಾರಿ ಬಂದು ನಿಂತಾಗ ಮೂಟೆ ಬೇಕಾದವರು ಸಾಲಿನಲ್ಲಿ ನಿಂತಿದ್ದರು.

ಅಂದಹಾಗೆ ದಾಖಲೆ ಪುಸ್ತಕ ಬದಲಾಗಿಲ್ಲ. ಅಕ್ಟೋಬರ್ 18, 1969: ವಯೋಮಿಂಗ್ 40, ಬ್ರಿಗಮ್ ಯಂಗ್ 7.